ಸೈಕಲ್ ಪಂಪು ಕಲಿಸಿದ ಉಲ್ಕೆ

ತೊಂಬತ್ತರ ದಶಕದ ಕೊನೆಯಲ್ಲಿ ಹಡಗಲಿಯ ನಮ್ಮಿಬ್ಬರಿಗೆ ಉಲ್ಕೆಯ ಹುಚ್ಚು ಹಿಡಿದಿತ್ತು. ಒಬ್ಬ ನಾನು, ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಇನ್ನೊಬ್ಬರು ಬಸ್‌ಸ್ಟ್ಯಾಂಡಿನ ಹತ್ತಿರ ಸೈಕಲ್ ಶಾಪ್ ಇಟ್ಟಿದ್ದ ಸಾಬರು. ಸಂಜೆಯಾದರೆ ಶಾಪಿನ ಮಾಳಿಗೆ ಹತ್ತಿ, ಬಿದ್ದ ಚುಕ್ಕಿಯನ್ನು ಮೊದಲು ಕಂಡವರು ಯಾರೆಂದು ಜಗಳವಾಡುತ್ತಿದ್ದೆವು.

ಹಿರೇಹಡಗಲಿಯ ಶಾಲೆಯಲ್ಲಿ ಉಲ್ಕೆಯ ಬಗ್ಗೆ ನನ್ನದೊಂದು ಭಾಷಣ ಏರ್ಪಾಡಾಯಿತು. ಅಧ್ಯಕ್ಷತೆ ನನಗೆ ವಿಜ್ಞಾನ ಕಲಿಸಿದ್ದ ಹಿರಿಯ ಮೇಷ್ಟ್ರದು. ಅವರಿಂದ ಶಭಾಷ್ ಅನ್ನಿಸಿಕೊಳ್ಳಬೇಕೆಂದು ಶಾಪಿನ ಬೆಂಚಿನ ಮೇಲೆ ಕೂತು ಜೋರಾಗಿ ಒಪ್ಪಿಸುತ್ತಿದ್ದೆ: "ಗಾಳಿಗೆ ಉಜ್ಜಿ ಉಜ್ಜಿ ಕಲ್ಲು ಕಾಯುತ್ತದೆ..."

ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದ ಸಾಬರು ತಲೆಯೆತ್ತಿದರು. "ಸರ, ಈ ಪಂಪಿನ ಬುಡ ಯಾಕ ಸುಡ್ತೈತಿ?"

"ಅದೂ ಉಜ್ಜಿದ್ದಕ್ಕ."

"ಹಂಗಾ?" ಪಂಪು ಆರಲು ಬಿಟ್ಟು, ಪೈಪು ಬಿಚ್ಚಿ ಸುಮ್ಮನೆ ಹತ್ತು ಸಲ ಹೊಡೆದರು. "ಮುಟ್ರಿ." ತಣ್ಣಗಿತ್ತು. ಪೈಪು ಹಾಕಿ, ಅದರ ಬಾಯಿ ಮಡಿಚಿ ಹಿಡಿದು ಮತ್ತೆ ಹತ್ತು ಸಲ ಒತ್ತಿದರು. ಮುಟ್ಟಿದವನು ಕೈ ಕೊಡವಿದೆ.

"ಉಜ್ಜೋದು ಎರಡೂ ಸಲ ಐತಿ. ಹೋಗಾಕ ದಾರಿ ಇಲ್ದಿದ್ರ ಗಾಳಿನೇ ಬಿಸಿ ಆಗ್ತೈತ್ರಿ."

ನನಗೆ ಮೊದಲು ಬಂದದ್ದು ಸಿಟ್ಟು. ಪಂಕ್ಚರ್ ಹಾಕುವವರಿಂದ ನಾನು ಕಲಿಯಬೇಕೇ! ಮರುಕ್ಷಣ ಉಲ್ಕೆ ನೆನಪಾಯಿತು. ಅಷ್ಟು ವೇಗದಲ್ಲಿ ನುಗ್ಗುವ ಕಲ್ಲಿನ ಮುಂದಿರುವ ಗಾಳಿಗೆ ಪಕ್ಕಕ್ಕೆ ಸರಿಯಲು ಪುರುಸೊತ್ತೆಲ್ಲಿ? ಒತ್ತಿಕೊಂಡು ಕಾಯುತ್ತದೆ, ಕಲ್ಲನ್ನೇ ಕರಗಿಸುತ್ತದೆ! ನಾವಿಬ್ಬರೂ ಕುಣಿಯುವುದೊಂದು ಬಾಕಿ. ಹೊಳಲಿನ ಬಸ್ಸಿಗೆ ಕಾಯುತ್ತಿದ್ದವರನ್ನೆಲ್ಲ ಕರೆಕರೆದು ಪಂಪು ಮುಟ್ಟಿಸಿದೆವು. ಪಾಪ, ಒಬ್ಬರಿಗೆ ಬಸ್ಸೇ ತಪ್ಪಿತು.

ಆದರೆ ಉಜ್ಜುವ ಪಾಠ ನನಗೆ ಹೇಳಿದವರೇ ಆ ಹಿರಿಯ ಮೇಷ್ಟ್ರು. ತುಂಬಿದ ಸಭೆಯಲ್ಲಿ ಗುರುಗಳನ್ನು ತಪ್ಪೆನ್ನುವುದು ಹೇಗೆ? ಭಾಷಣದ ದಿನ ಸಾಬರನ್ನೂ ಕರೆದೊಯ್ದೆ. "ಇಷ್ಟು ವರ್ಷ ನಾನು ಮಕ್ಕಳಿಗೆ ತಪ್ಪು ಹೇಳಿದೆ" ಎಂದು ಎಲ್ಲವನ್ನೂ ನನ್ನ ಮೇಲೇ ಹಾಕಿಕೊಂಡು ಪಂಪನ್ನು ಸಾಬರ ಕೈಗೆ ಕೊಟ್ಟೆ.

ಸಾಬರು ಎರಡೂ ಬಗೆಯಲ್ಲಿ ಹೊಡೆದು ತೋರಿಸಿದರು. ಹಿರಿಯ ಮೇಷ್ಟ್ರು ಎದ್ದುಬಂದು ಮುಟ್ಟಿ, "ಹಾ!" ಎಂದು ಕೈ ಎಳೆದುಕೊಂಡರು. ಮಕ್ಕಳೆಲ್ಲ ಹೋ ಎಂದರು.

"ನಿನಗ ಇದನ್ನ ಯಾರು ಕಲಿಸಿದ್ರಪ್ಪ?" ಎಂದು ಸಾಬರನ್ನು ಕೇಳಿದರು.

"ಯಾರೂ ಇಲ್ರಿ ಸರ. ಒಂಬತ್ತನೇ ಕ್ಲಾಸಿನಾಗ ನಿಮ್ಮ ಕೈಯಾಗ ಫೇಲಾಗಿ ಸಾಲಿ ಬಿಟ್ಟೀನ್ರಿ."

ಮೇಷ್ಟ್ರು ವೇದಿಕೆ ಇಳಿದು, ಮುಂದಿನ ಸಾಲಿನ ಮಕ್ಕಳನ್ನು ಸರಿಸಿ, ಅವರ ನಡುವೆ ಚಕ್ಕಳಮಕ್ಕಳ ಹಾಕಿ ಕೂತರು.

"ಮೊದಲಿಂದ ಇನ್ನೊಮ್ಮೆ ಹೇಳಪ್ಪ," ಎಂದರು. "ಈ ಸಲ ಯಾರೂ ಫೇಲಾಗೋದು ಬ್ಯಾಡ."