ನೀಲವ್ವನಿಗೆ ಕೊಟ್ಟ ಮಾತು

೨೦೨೧ರಲ್ಲಿ ನಾನು ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜೊಂದರಲ್ಲಿ ಗ್ರಂಥಪಾಲಕಿಯಾಗಿದ್ದೆ. ಕೊರೊನಾ ಕಾಲದಲ್ಲಿ ನಮ್ಮ ಜನ ಹೇಗೆ ಉಂಡರು, ಹೇಗೆ ಮದುವೆ ಮಾಡಿದರು, ಸತ್ತವರನ್ನು ಹೇಗೆ ಕಳಿಸಿಕೊಟ್ಟರು ಎಂಬುದನ್ನು ಅವರ ಬಾಯಿಂದಲೇ ರೆಕಾರ್ಡ್ ಮಾಡಿ ಕಾಪಿಡುವ ಸಮುದಾಯ ಆರ್ಕೈವ್ ನನ್ನ ಪಾಲಿಗೆ ಬಂತು. ಹೇಳಿದವರು ಬೇಡವೆಂದರೆ ಆ ಧ್ವನಿ 'ಕ್ಲೋಸ್ಡ್'. ಅವರು ಬದುಕಿರುವವರೆಗೆ ಯಾರಿಗೂ ಕೇಳಿಸುವಂತಿಲ್ಲ.

ಇಳಕಲ್ಲಿನ ನೇಕಾರರ ಓಣಿಯ ನೀಲವ್ವ ಹಾಗೆ ಬೇಡವೆಂದವಳು. ಅವಳ ಮಾವ ಜ್ವರ, ದಮ್ಮು ಬಂದು ಮನೆಯಲ್ಲೇ ತೀರಿಕೊಂಡಿದ್ದರು. ಲಿಂಗಾಯತರ ಮನೆಗಳಲ್ಲಿ ಸತ್ತವರನ್ನು ಕುಳ್ಳಿರಿಸಿ, ವಿಭೂತಿ ಹಚ್ಚಿ ಮಣ್ಣು ಕೊಡುತ್ತಾರೆ. ಕೊರೊನಾ ಎಂದರೆ ಚೀಲದಲ್ಲಿ ಸುತ್ತಿ ಮಲಗಿಸಿಬಿಡುತ್ತಿದ್ದರು.

"ಎದಿ ನಿಂತು ಹೋದ್ರು ಅಂತ ಎಲ್ಲಾರಿಗೂ ಹೇಳಿದ್ವಿರಿ. ಮಾವನ್ನ ಹಂಗ ಒಗದು ಬರೂದು ನನ್ನ ಕಡಿಂದ ಆಗಲಿಲ್ಲ," ಎಂದಳು.

ನಂಬಿ ಹೆಗಲು ಕೊಟ್ಟವರಲ್ಲಿ ಪಕ್ಕದ ಮನೆಯ ಸಂಗಪ್ಪನೂ ಒಬ್ಬ. ಕೆಲವೇ ದಿನಗಳಲ್ಲಿ ಅವನೂ ಅದೇ ಜ್ವರದಲ್ಲಿ ಹೋದ. ಅವನ ಹೆಂಡತಿ ಕಾಶವ್ವ, ನೀಲವ್ವನೊಂದಿಗೆ ಎದುರುಬದುರು ಕುಳಿತು ಸೀರೆಯ ಮೈಗೆ ಸೆರಗಿನ ಎಳೆ ಕೂಡಿಸುತ್ತಿದ್ದ ಜೀವದ ಗೆಳತಿ.

"ಕಾಶಿಗೆ ಗೊತ್ತಾದ್ರ ನಾ ಸತ್ತಂಗರಿ," ಎಂದಳು ನೀಲವ್ವ. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟೆ.

ನಿವೃತ್ತಳಾದಾಗ ಆರ್ಕೈವನ್ನು ನನ್ನ ಸಹಾಯಕ ಮಹೇಶನ ಕೈಗಿತ್ತೆ. ಕೆಲಸ ಕಲಿಸಿದವಳೇ ನಾನು. ಮರುವರ್ಷ ಅವನು ಹುನಗುಂದದಲ್ಲಿ ಪ್ರದರ್ಶನವಿಟ್ಟು, ಹೇಳಿಕೆ ಕೊಟ್ಟವರನ್ನೆಲ್ಲ, ನನ್ನನ್ನೂ ಕರೆದ. ದೊಡ್ಡವರ ಚಪ್ಪಾಳೆ ಬೇಕಿತ್ತು ಅವನಿಗೆ. ಸ್ಪೀಕರಿನಲ್ಲಿ ಮೊದಲು ಬಂದದ್ದೇ ನೀಲವ್ವನ ಆ 'ಕ್ಲೋಸ್ಡ್' ಧ್ವನಿ. ಎರಡನೆಯ ಸಾಲಿನಲ್ಲಿ ಕಾಶವ್ವ ಕುಳಿತಿದ್ದಳು. ನೀಲವ್ವ ಸೆರಗು ಬಾಯಿಗೊತ್ತಿಕೊಂಡು ಎದ್ದು ಹೋದಳು.

"ಹೆಸರು ತಗದೇನ್ರಿ ಮೇಡಂ," ಎಂದ ಮಹೇಶ.

"ಧ್ವನಿ ತಗದಿಯೇನು?" ಎಂದೆ. ನನ್ನ ಬೆನ್ನಿಗೇ ಚೂರಿ ಹಾಕಿದ್ದ.

ಕಾಶವ್ವನ ಬಳಿ ಹೋಗಿ ಕುಳಿತೆ. ಅವಳು ನೀಲವ್ವನ ಸುದ್ದಿಯನ್ನೇ ಎತ್ತಲಿಲ್ಲ.

"ನಮ್ಮ ಮನಿಯವರನ್ನ ಸಂತಿಗೆ ನಾನ ಕಳಿಸಿದ್ದೆ, ಅಲ್ಲೇ ರೋಗ ಹತ್ತಿ ಹ್ವಾದ್ರು ಅಂತ ನಿಮ್ಮ ಮುಂದ ಅತ್ತಿದ್ನಲ್ಲರಿ ಅಕ್ಕಾರ, ಅದನ್ನೂ ರೆಕಾರ್ಡ್ ಮಾಡಿಕೊಂಡ್ರಿ. ಆವತ್ತ ನಿಮಗ ಇದು ಗೊತ್ತಿತ್ತೇನು?"

ಗೊತ್ತಿತ್ತು. ನೀಲವ್ವನದಾದ ಮೇಲೆಯೇ ಅವಳ ಹೇಳಿಕೆ ಪಡೆದಿದ್ದೆ.

"ಹೂಂ," ಎಂದೆ.

ಮಹೇಶನನ್ನು ನಾನಿನ್ನೂ ಕ್ಷಮಿಸಿಲ್ಲ. ಆದರೆ ಒಬ್ಬಳಿಗೆ ಕೊಟ್ಟ ಮಾತು ಉಳಿಸಿಕೊಳ್ಳಲು ಇನ್ನೊಬ್ಬಳ ಅಳುವಿನೆದುರು ಬಾಯಿ ಮುಚ್ಚಿ ಕೂರಬೇಕಾಗುತ್ತದೆಂದು ಯಾವ ತರಬೇತಿಯಲ್ಲೂ ನನಗೆ ಹೇಳಿರಲಿಲ್ಲ. ಅದನ್ನು ಕಲಿಸಿದವಳು ಕಾಶವ್ವ. ಆಮೇಲೆ ಅವಳು ನನ್ನೊಡನೆ ಮಾತಾಡಿಲ್ಲ.