ಉಳ್ಳಾಗಡ್ಡಿ ನಾತದ ಪಿಕಪ್

“ಯವ್ವಾ, ಆ ಕೆಂಡ ಅಲ್ಲೇ ಹಿಡೀರಿ. ಒಂದ ಹೆಜ್ಜಿನೂ ಮುಂದ ಇಡಬ್ಯಾಡ್ರಿ.”

ನಮ್ಮ ಹಿತ್ತಲ ಬಾಗಿಲಲ್ಲಿ ನಿಂತು ಒಬ್ಬ ಮನುಷ್ಯ ನಮ್ಮ ಅವ್ವನಿಗೆ ಹೀಗೆ ಗದರಿಸುತ್ತಿದ್ದ. ಮಳೆಯಲ್ಲಿ ಪೂರ್ತಿ ತೊಯ್ದಿದ್ದ. ಬೈಕಿಗೆ ಸ್ಟ್ಯಾಂಡ್ ಕೂಡ ಹಾಕದೆ ಓಣಿಯಲ್ಲೇ ಕೆಡವಿ ಬಂದಿದ್ದ. ಅವ್ವನ ಕೈಯಲ್ಲಿ ಲೋಬಾನದ ಧೂಪ ಹಾಕುವ ಮಣ್ಣಿನ ಪಾತ್ರೆ, ಅದರ ತುಂಬ ಕೆಂಡ. ಅವಳ ಎದುರಿಗೆ ತಗಡಿನ ಶೆಡ್ಡು. ಶೆಡ್ಡಿನೊಳಗೆ ತಾಡಪತ್ರಿ ಬಿಗಿದು ನಿಲ್ಲಿಸಿದ ನನ್ನ ಪಿಕಪ್ ಗಾಡಿ. ಆ ಗಾಡಿಯನ್ನು ನನಗೆ ಮಾರಿದವನೇ ಈ ಮನುಷ್ಯ, ಹಮ್ಮಿಗಿಯ ಫಕೀರಪ್ಪ. ನಮ್ಮ ಮನೆಗೇ ಬಂದು ನಮ್ಮ ಅವ್ವನಿಗೇ ಜೋರು ಮಾಡುತ್ತಾನಲ್ಲ ಎಂದು ನನಗೆ ಸಿಟ್ಟು ನೆತ್ತಿಗೇರಿತು.

ಇದು ನಡೆದು ಎರಡು ವರ್ಷವಾಯಿತು. ಹಿಂಗಾರಿ ಮಳೆ ಹಿಡಿದ ದಿನಗಳು. ಮೊದಲಿನಿಂದ ಹೇಳಿದರೆ ಎಲ್ಲ ತಿಳಿಯುತ್ತದೆ.

ನಮ್ಮದು ಲಕ್ಷ್ಮೇಶ್ವರ. ಮನೆಯ ಹಿಂದೆಯೇ ಚುರುಮುರಿ ಭಟ್ಟಿ ಇದೆ, ಅಜ್ಜನ ಕಾಲದ್ದು. ಅಕ್ಕಿ ಹದ ಮಾಡಿ ಉಸುಕಿನಲ್ಲಿ ಹುರಿಯುವುದು ಅಪ್ಪ. ಚೀಲ ತುಂಬಿ ಊರೂರಿನ ಅಂಗಡಿಗೆ ಮುಟ್ಟಿಸುವುದು ನಾನು. ಚುರುಮುರಿಗೆ ತೂಕವಿಲ್ಲ, ಜಾಗ ಮಾತ್ರ ಬಹಳ ಬೇಕು. ಬಸ್ಸಿನವರು ನಮ್ಮ ಚೀಲ ದೂರದಿಂದ ನೋಡಿದರೂ ಮುಖ ತಿರುಗಿಸುತ್ತಾರೆ. ಬಾಡಿಗೆ ಟೆಂಪೋ ಮಾಡಿದರೆ ನಾವು ದುಡಿದದ್ದು ಟೆಂಪೋದವನ ಮನೆಗೆ. ಶಿರಹಟ್ಟಿ, ಮುಂಡರಗಿ, ಗದಗ, ಬೆಟಗೇರಿ ಎಲ್ಲ ಕಡೆ ನಮಗೆ ಅಂಗಡಿಗಳಿವೆ. ಸ್ವಂತ ಗಾಡಿ ಇಲ್ಲದೆ ನಡೆಯುತ್ತಿರಲಿಲ್ಲ.

ಗದಗದ ಕಡೆ ಗ್ಯಾಸ್ ಪಂಪ್ ಆದ ಮೇಲೆ, ಡೀಸೆಲ್ ಗಾಡಿಗಿಂತ ಸಿಎನ್‌ಜಿ ಗಾಡಿಗೆ ಖರ್ಚು ಕಡಿಮೆ ಎಂದು ಎಲ್ಲರೂ ಹೇಳತೊಡಗಿದ್ದರು. ಹೊಸದು ನಮಗೆ ಆಗುವ ಮಾತಲ್ಲ. ಹಳೆಯದನ್ನು ಹುಡುಕುತ್ತಿದ್ದೆ. ಮುಂಡರಗಿಯಲ್ಲಿ ವೀರೇಶಣ್ಣ ಎಂಬ ಅಂಗಡಿಯವರಿದ್ದಾರೆ, ನಮ್ಮ ಅಪ್ಪನ ಹಳೆಯ ಗಿರಾಕಿ. ಹಮ್ಮಿಗಿಯಲ್ಲಿ ಫಕೀರಪ್ಪನ ಹತ್ತಿರ ಒಂದು ಗಾಡಿ ಇದೆ, ಹೋಗಿ ನೋಡು ಎಂದು ಅವರೇ ಕಳಿಸಿದರು.

ಹೋದೆ. ಫಕೀರಪ್ಪನ ಅಂಗಳದಲ್ಲಿ ಉಳ್ಳಾಗಡ್ಡಿ ದೊಡ್ಡ ಗುಂಪಿ ಹಾಕಿದ್ದರು. ಅದರ ಪಕ್ಕದಲ್ಲೇ ಗಾಡಿ ನಿಂತಿತ್ತು. ಬಣ್ಣ ಹೋಗಿತ್ತು, ಆದರೆ ಇಂಜಿನ್ ಒಂದೇ ಸಲಕ್ಕೆ ಚಾಲು ಆಯಿತು. ಗ್ಯಾಸ್ ಮುಗಿದರೆ ಓಡಿಸಲು ಸಣ್ಣ ಪೆಟ್ರೋಲ್ ಟ್ಯಾಂಕೂ ಇತ್ತು. ಕ್ಯಾಬಿನ್ನಿನ ಹಿಂದೆ ಗ್ಯಾಸಿನ ಸಿಲಿಂಡರ್. ಮಾಲು ಬಡಿಯಬಾರದೆಂದು ಅದರ ಸುತ್ತ ಹಲಗೆಯ ಪೆಟ್ಟಿಗೆ ಮಾಡಿಸಿದ್ದ. ಹಿಂದೆ ಹತ್ತಿ ನೋಡಿದರೆ ಕೊಳೆತ ಉಳ್ಳಾಗಡ್ಡಿಯ ನಾತ ಮೂಗಿಗೆ ಹೊಡೆಯಿತು.

“ಟ್ರ್ಯಾಕ್ಟರ್ ತಗೊಂಡೀವ್ರಿ ಸಾಬ್ರ, ಅದಕ್ಕ ಇದನ್ನ ಕೊಡಾಕತ್ತೀವಿ. ಗಾಡಿ ಚಲೋ ಐತಿ. ಉಳ್ಳಾಗಡ್ಡಿ ಹೇರಿ ಹೇರಿ ವಾಸನಿ ಹಿಡದೈತಿ, ಅದೊಂದ ಐಬ ನೋಡ್ರಿ,” ಎಂದ ಫಕೀರಪ್ಪ.

“ವಾಸನಿ ಅಲ್ರಿ ಅಣ್ಣಾರ ಇದು, ನಾತ. ನಾವು ತಿನ್ನೋ ಮಾಲು ಹೇರಾವ್ರು. ಹಿಂಗಿದ್ರ ಪುಕ್ಕಟ ಕೊಟ್ರೂ ಒಯ್ಯೋದು ಕಷ್ಟ ಐತಿ,” ಎಂದೆ. ಎಂದು ಮೂಗು ಹಿಡಿದುಕೊಂಡೆ.

ಅಷ್ಟರಲ್ಲಿ ಆತನ ಹೆಂಡತಿ ಕಟ್ಟೆಯ ಮೇಲಿಂದ, “ನಾ ದಿನಾ ಬಡಕೋತೀನ್ರಿ, ಆ ಗುಂಪ್ಯಾಗ ಕೊಳತದ್ದು ಐತಿ, ಆರಸಿ ಒಗೀರಿ ಅಂತ. ನನ್ನ ಮಾತ ಯಾರು ಕೇಳಬೇಕು,” ಎಂದಳು.

“ಎರಡ ಸಲ ತಿರುವಿ ಹಾಕೀನಲ್ಲ, ಎಲ್ಲಿ ಸಿಕ್ಕೈತಿ ಕೊಳತದ್ದು? ನಿನ್ನ ಮೂಗಿನ್ಯಾಗ ಐತಿ,” ಎಂದ ಫಕೀರಪ್ಪ.

ಗಂಡ ಹೆಂಡತಿಯ ಜಗಳ ನನಗೆ ಬೇಕಿರಲಿಲ್ಲ. ನಾನು ಮೂಗು ಹಿಡಿದೇ ಚೌಕಾಶಿ ಮಾಡಿದೆ. ಫಕೀರಪ್ಪನಿಗೂ ನಾಚಿಕೆಯಾಗಿತ್ತೋ ಏನೋ, ಬಹಳ ಇಳಿಸಿದ. ಅಷ್ಟು ಅಗ್ಗಕ್ಕೆ ಸಿಗುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಕಾಗದಪತ್ರ ಮುಗಿಸಿ ಗಾಡಿ ತಂದೆ. ನಮ್ಮ ಓಣಿಯವರು, “ಅಡಿಗಿ ಮನಿ ಸಿಲಿಂಡರಿನ ಮ್ಯಾಲೆ ಗಾಡಿ ಓಡಸ್ತಾನ ನೋಡ್ರಿ ರಾಜಾಸಾಬ, ಇಳಿಜಾರಿನ್ಯಾಗ ಚಹಾನೂ ಕಾಸ್ತಾನ,” ಎಂದು ನಕ್ಕರು. ನಗಲಿ ಎಂದು ಬಿಟ್ಟೆ.

ನಾತ ಹೋಗುತ್ತದೆ, ನಾಲ್ಕು ಸಲ ತೊಳೆದರೆ ಆಯಿತು ಎಂದುಕೊಂಡಿದ್ದೆ. ಸೋಡಾ ಹಾಕಿ ತೊಳೆದೆ. ಬೂದಿ ಹಾಕಿ ತಿಕ್ಕಿದೆ. ಅವ್ವ ಲಿಂಬಿಹಣ್ಣಿನ ಸಿಪ್ಪೆ ತಂದು ಉಜ್ಜಿದಳು. ಪ್ರತಿ ಸಲ ತೊಳೆದಾಗಲೂ ಹಲಗೆಯ ಸಂದಿನಿಂದ ಉಳ್ಳಾಗಡ್ಡಿಯ ಸಿಪ್ಪೆ ಹೊರಗೆ ಬರುತ್ತಿತ್ತು. ಇನ್ನೂ ಒಳಗಿದೆ ಎಂದು ಮತ್ತೆ ತೊಳೆಯುತ್ತಿದ್ದೆವು. ಅಡಿಗೆ ಮನೆಯಲ್ಲಿ ಗ್ಯಾಸ್ ಸ್ವಲ್ಪ ಸೋರಿದರೂ ಅವ್ವನಿಗೆ ಕೂಡಲೇ ಗೊತ್ತಾಗುತ್ತದೆ. ಇಲ್ಲಿ ಗೊತ್ತಾಗಲಿಲ್ಲ. ಕಣ್ಣಿಗೆ ಸಿಪ್ಪೆ ಕಾಣುತ್ತಿತ್ತು, ಕಣ್ಣು ಹೇಳಿದ್ದನ್ನೇ ಮೂಗು ನಂಬಿತು. ಗಾಡಿಗೆ ತುಂಬಿಸಿದ ಗ್ಯಾಸ್ ಬೇಗ ಬೇಗ ಖಾಲಿಯಾಗುತ್ತಿತ್ತು. ಹಳೆಯ ಇಂಜಿನ್, ಕುಡಿಯುತ್ತದೆ ಎಂದುಕೊಂಡೆ.

ಆ ವಾರ ಮುಂಡರಗಿಗೆ ಮಾಲು ಒಯ್ದೆ. ಮಳೆಯ ಮೋಡವಿತ್ತು, ತಾಡಪತ್ರಿ ಬಿಗಿಯಾಗಿ ಕಟ್ಟಿದ್ದೆ. ವೀರೇಶಣ್ಣ ಒಂದು ಹಿಡಿ ಚುರುಮುರಿ ತೆಗೆದು ಮೂಸಿದರು. ಬಾಯಿಗೆ ಹಾಕಲಿಲ್ಲ.

“ಚಲೋ ಕೆಲಸ ಮಾಡಿದಿ ಬಿಡು ರಾಜಾಸಾಬ. ಹೋಟೆಲಿನವ್ರಿಗೆ ಉಳ್ಳಾಗಡ್ಡಿ ಹೆಚ್ಚೋ ತ್ರಾಸ ತಪ್ಪಿತು. ನೀನ ಕಲಸಿ ತಂದಿ.”

ನಗುತ್ತಲೇ ಹೇಳಿದರು, ನಗುತ್ತಲೇ ಚೀಲಗಳನ್ನೆಲ್ಲ ವಾಪಸ್ ಹೇರಿಸಿದರು. “ಅಪ್ಪಗ ಹೇಳು, ಸಿಟ್ಟಾಗಬ್ಯಾಡ ಅನ್ನು. ಹಿಂಗಿದ್ರ ನನ್ನ ಗಿರಾಕಿ ಬ್ಯಾರೆ ಅಂಗಡಿಗಿ ಹೋಕ್ಕಾರ.”

ಚೀಲ ತಿರುಗಿ ಬಂದದ್ದನ್ನು ನೋಡಿ ಅಪ್ಪ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಒಂದು ಚೀಲ ಬಿಚ್ಚಿ, ಕೈ ಹಾಕಿ, ಒಂದು ಹಿಡಿ ತೆಗೆದು ಮೂಸಿದ. “ನಮ್ಮ ಭಟ್ಟಿ ಮಾಲು ಹಿಂದಕ್ಕ ಬಂದಿದ್ದು ನಾ ನೋಡಿಲ್ಲ. ಆ ಗಾಡಿ ಮಾರು, ಇಲ್ಲಾಂದ್ರ ಅದರ ನಾತ ತಗಿ,” ಎಂದು ಒಳಗೆ ಹೋದ.

ಆಮೇಲೆ ಮಳೆ ಹಿಡಿಯಿತು. ಹೊರಗೆ ನಿಲ್ಲಿಸುತ್ತಿದ್ದ ಗಾಡಿಯನ್ನು ಭಟ್ಟಿಯ ಶೆಡ್ಡಿನೊಳಗೆ ತಂದೆ. ಅಕ್ಕಿ ಒಣಗದೆ ಭಟ್ಟಿ ಹಚ್ಚಿರಲಿಲ್ಲ, ಶೆಡ್ಡು ಖಾಲಿ ಇತ್ತು. ಗುರುವಾರ ಅವ್ವ ಒಂದು ಉಪಾಯ ಹೇಳಿದಳು. ನಮ್ಮಲ್ಲಿ ಕೂಸಿನ ಬಟ್ಟೆಗೆ ಲೋಬಾನದ ಹೊಗೆ ಹಿಡಿಯುತ್ತಾರೆ. ಕೆಂಡದ ಮೇಲೆ ಲೋಬಾನ ಹಾಕಿ, ಮೇಲೆ ಬುಟ್ಟಿ ಬೋರಲು ಹಾಕಿ, ಬುಟ್ಟಿಯ ಮೇಲೆ ಬಟ್ಟೆ ಹೊಚ್ಚುತ್ತಾರೆ. ಎಂಥ ವಾಸನೆ ಇದ್ದರೂ ಹೋಗುತ್ತದೆ.

“ಗಾಡಿಗೂ ಹಂಗ ಮಾಡೂಣು. ನೀ ತಾಡಪತ್ರಿ ಸುತ್ತಲೂ ಬಿಗಿ. ಒಂದ ಮೂಲಿ ಅಷ್ಟ ಬಿಡು, ಕೆಂಡ ಒಳಗ ಇಡ್ತೀನಿ. ಸಂಜಿ ಮಗ್ರಿಬ್ ನಮಾಜ್ ಆತಂದ್ರ ಬರ್ತೀನಿ,” ಎಂದಳು.

ನಾನು ತಾಡಪತ್ರಿ ಬಿಗಿಯುತ್ತಿದ್ದಾಗ ಫೋನ್ ಬಂತು. ಫಕೀರಪ್ಪ.

“ತಮ್ಮಾ, ಶಿರಹಟ್ಟಿಗಿ ಬಂದಿದ್ದೆ. ಗಾಡಿ ನಾತ ಹೋತೇನು?”

“ಎಲ್ಲಿ ಹೋಗತೈತ್ರಿ, ನನ್ನ ವ್ಯಾಪಾರ ಮುಗಿಸಿ ಹೋಗೂದು ಅದು. ಈಗ ನಮ್ಮವ್ವ ತಾಡಪತ್ರಿಯೊಳಗ ಕೆಂಡ ಇಟ್ಟು ಲೋಬಾನ ಹಾಕತಾಳ. ಹೊಗಿ ಹಿಡದ ಮ್ಯಾಲೆ ನೋಡೂಣು.”

ಆತ ಇನ್ನೂ ಏನೋ ಅಂದ. ತಗಡಿನ ಮೇಲೆ ಮಳೆ ಬೀಳುತ್ತಿತ್ತು, ಒಂದೂ ಕೇಳಲಿಲ್ಲ. ಆಮೇಲೆ ಹೇಳಿರಿ ಎಂದು ಫೋನ್ ಕಿಸೆಗೆ ಹಾಕಿದೆ. ಮತ್ತೆ ಮತ್ತೆ ಫೋನ್ ಮಾಡಿದ್ದನಂತೆ. ಮಳೆಯ ಸದ್ದಿನಲ್ಲಿ ನನಗೆ ಗೊತ್ತೇ ಆಗಲಿಲ್ಲ.

ಅವ್ವ ನಮಾಜ್ ಮುಗಿಸಿದಳು. ಒಲೆಯಿಂದ ಕೆಂಡ ತುಂಬಿಕೊಂಡು, ಮೇಲೆ ಸೆರಗು ಮರೆ ಮಾಡಿಕೊಂಡು ಹಿತ್ತಲಿಗೆ ಬಂದಳು. ಶೆಡ್ಡು ಇನ್ನು ಹತ್ತು ಹೆಜ್ಜೆ ಇರಬೇಕು. ಆಗ ಫಕೀರಪ್ಪ ಬಂದ.

“ಏನ್ರಿ ಇದು? ಹೆಣ್ಣಮಕ್ಕಳ ಜೋಡಿ ಮಾತಾಡೋ ರೀತಿ ಏನ್ರಿ ಇದು?” ಎಂದು ನಾನು ಮುಂದೆ ಹೋದೆ.

“ಮೊದಲ ಆ ಬೆಂಕಿ ದೂರ ಒಗಸು. ಆಮ್ಯಾಲೆ ಬೇಕಾದ್ರ ನನ್ನ ಹೊಡಿ.”

ನಾನು ಹೊಡೆಯುವವನೇ ಇದ್ದೆ. ಅವ್ವ ಆತನ ಮುಖ ನೋಡಿದಳು. ಹಿಂದಕ್ಕೆ ಹೋಗಿ, ಪಾತ್ರೆಯನ್ನು ಮಾಳಿಗೆಯ ನೀರು ಸುರಿಯುವ ಕಡೆ ಇಟ್ಟಳು. ಕೆಂಡ ಚುಂಯ್ ಎಂದು ಆರಿತು. ಆಗ ಫಕೀರಪ್ಪ ಗೋಡೆ ಹಿಡಿದು ಕುಂತುಬಿಟ್ಟ.

“ಗಾಡಿ ನೀವು ಒಯ್ದಾಗಿಂದ ನಮ್ಮ ಅಂಗಳದಾಗ ಆ ನಾತ ಇಲ್ಲ. ಉಳ್ಳಾಗಡ್ಡಿ ಗುಂಪಿ ಇನ್ನೂ ಅಲ್ಲೇ ಐತಿ, ಇದ್ದಂಗ ಐತಿ. ಇವತ್ತ ಮುಂಜಾನೆ ನಮ್ಮಾಕಿ ಅಂದ್ಲು, ನಾತ ಉಳ್ಳಾಗಡ್ಡೀದಲ್ಲ, ಗಾಡೀದು ಅಂತ. ದಾರಿ ತುಂಬ ಅದನ್ನ ವಿಚಾರ ಮಾಡಕೋತ ಬಂದೆ. ಉಳ್ಳಾಗಡ್ಡಿ ಬಿಟ್ರ ಆ ಗಾಡ್ಯಾಗ ನಾರೂದು ಇನ್ನೇನೈತಿ ಹೇಳು.”

ಅಪ್ಪ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. “ಗ್ಯಾಸ್,” ಎಂದ. ಅಷ್ಟೇ ಎಂದ.

ಲೈಟಿನ ಬಟನ್ ಒತ್ತಲಿಕ್ಕೆ ಹೋಗಿದ್ದೆ, ಬಟನ್ನಿನ ಒಂದು ಕಿಡಿ ಸಾಕೆಂದು ಅಪ್ಪ ನನ್ನ ಕೈ ಹಿಡಿದು ಎಳೆದ. ಕತ್ತಲಾಗುತ್ತಿತ್ತು. ಆ ಮಬ್ಬಿನಲ್ಲೇ ತಾಡಪತ್ರಿ ಬಿಚ್ಚಿದೆವು. ಒಳಗಿನಿಂದ ನಾತ ಎದ್ದು ಬಂತು. ಅದೇ ನಾತ, ದಿನವೂ ಮೂಸಿದ್ದು. ಆದರೆ ಈಗ ಅದರ ಹೆಸರು ಗೊತ್ತಿತ್ತು, ನಿಲ್ಲಲಿಕ್ಕೆ ಆಗಲಿಲ್ಲ. ಫಕೀರಪ್ಪ ಹಲಗೆಯ ಪೆಟ್ಟಿಗೆಯೊಳಗೆ ಕೈ ಹಾಕಿ ಸಿಲಿಂಡರಿನ ವಾಲ್ವ್ ತಿರುಗಿಸಿ ಬಂದ್ ಮಾಡಿದ. ಗಾಡಿ ಚಾಲು ಮಾಡದೆ ಮೂವರೂ ಸೇರಿ ನೂಕಿ ಬಯಲಿಗೆ ತಂದೆವು. ಮಳೆಯಲ್ಲೇ ಬಿಟ್ಟೆವು.

ಆ ರಾತ್ರಿ ಫಕೀರಪ್ಪ ನಮ್ಮಲ್ಲೇ ಉಳಿದ. ಅವ್ವ ರೊಟ್ಟಿ ಬಡಿದು ಕೊಟ್ಟಳು. “ನೀ ಒದರಿದ್ದಕ್ಕ ನಾ ಸಿಟ್ಟಾಗಿಲ್ಲಪಾ, ಇನ್ನೊಂದ ರೊಟ್ಟಿ ತಗೋ,” ಎಂದು ಎರಡು ಹಾಕಿದಳು. ಆತ ತಲೆ ತಗ್ಗಿಸಿ ಉಂಡ.

ಮರುದಿನ ಗಾಳಿ ಬಿಸಿಲಿಗೆ ಬಿಟ್ಟು, ವಾಲ್ವ್ ಬಂದ್ ಇಟ್ಟು, ಪೆಟ್ರೋಲಿನ ಮೇಲೆ ಓಡಿಸಿಕೊಂಡು ಗದಗಕ್ಕೆ ಹೋದೆವು. ಗ್ಯಾಸ್ ಕಿಟ್ ಕೂಡಿಸುವ ಮಿಸ್ತ್ರಿ ಹಲಗೆ ಕಿತ್ತು, ಪೈಪಿನ ಜೋಡಣೆಗೆ ಸಾಬೂನು ನೀರು ಹಚ್ಚಿ ವಾಲ್ವ್ ಸ್ವಲ್ಪವೇ ಬಿಟ್ಟ. ನೊರೆ ಗುಳ್ಳೆ ಗುಳ್ಳೆಯಾಗಿ ಎದ್ದಿತು. ಅದನ್ನು ಕಣ್ಣಾರೆ ನೋಡಿದೆ.

“ಸೋರಿದ್ದು ಗೊತ್ತಾಗ್ಲಿ ಅಂತನ ಗ್ಯಾಸಿಗೆ ಕೊಳತ ಉಳ್ಳಾಗಡ್ಡಿಯಂಥ ನಾತ ಬೆರಸಿರತಾರ. ಇದನ್ನ ಯಾರರ ಶೆಡ್ಡಿನ್ಯಾಗ ನಿಲ್ಲಸ್ತಾರೇನ್ರಿ? ಮನ್ಯಾಗ ಬೀಡಿ ಸೇದಾವ್ರು ಯಾರೂ ಇಲ್ಲ ಅಂತ ಕಾಣಸ್ತೈತಿ,” ಎಂದ ಮಿಸ್ತ್ರಿ.

“ನಾ ಸೇದತಿದ್ದೆ,” ಎಂದ ಫಕೀರಪ್ಪ. ಆಮೇಲೆ ಮಿಸ್ತ್ರಿಗಲ್ಲ, ನನಗೂ ಅಲ್ಲ, ತನಗೇ ಹೇಳಿಕೊಳ್ಳುವವನಂತೆ, “ಸಂತಿಯಿಂದ ಬರುವಾಗ ನಮ್ಮ ಹುಡುಗ್ರು ಹಿಂದ ತಾಡಪತ್ರಿ ಒಳಗ ಮಲಗತಿದ್ದವು,” ಎಂದ. ಗಾಡಿ ವಾಪಸ್ ಕೊಟ್ಟುಬಿಡು, ನಾನೇ ಇಟ್ಟುಕೊಳ್ಳುತ್ತೇನೆ ಎಂದು ಎರಡು ಮೂರು ಸಲ ಕೇಳಿದ. ನಾನು ಕೊಡಲಿಲ್ಲ. ಪೈಪು ಬದಲಿಸಿ, ಸಿಲಿಂಡರ್ ಪರೀಕ್ಷೆ ಮಾಡಿಸಿದೆ. ಅದೇ ಗಾಡಿ ಇವತ್ತಿಗೂ ಓಡಿಸುತ್ತೇನೆ.

ಬಸ್ ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯುವಾಗ ಕೇಳಿದೆ. “ಅಣ್ಣಾರ, ನಿಮಗ ಖಾತ್ರಿ ಇತ್ತೇನ್ರಿ, ಗ್ಯಾಸ್ ಸೋರತೈತಿ ಅಂತ?”

“ಇರಲಿಲ್ಲ. ಖಾತ್ರಿ ಇದ್ದಿದ್ರ ನಿನ್ನಿ ಮುಂಜಾನೆನ ಫೋನ್ ಮಾಡಿ ಹೇಳತಿದ್ದೆ. ಸುಳ್ಳಾದ್ರ ನಗತಾರ ಅಂತ ಸಂಜಿತನಾ ಸುಮ್ಮನಿದ್ದೆ. ನೀ ಕೆಂಡ ಅಂದಿ ನೋಡು, ಆಮ್ಯಾಲೆ ನಗು ಗಿಗು ಏನೂ ನೆನಪಾಗಲಿಲ್ಲ.”

ನನಗೆ ಇದೇ ತಲೆಯಲ್ಲಿ ಉಳಿದಿದೆ. ವ್ಯಾಪಾರ ಮುಗಿದಿತ್ತು, ಗಾಡಿ ನನ್ನ ಹೆಸರಿಗಾಗಿತ್ತು. ಬರದೆ ಶಿರಹಟ್ಟಿಯಿಂದ ಸೀದಾ ಊರಿಗೆ ಹೋಗಿದ್ದರೂ ಯಾರೂ ಆತನನ್ನು ಕೇಳುತ್ತಿರಲಿಲ್ಲ. ಏನಾದರೂ ಆಗಿದ್ದರೆ ಕೇಳಲು ನಾವೇ ಉಳಿಯುತ್ತಿರಲಿಲ್ಲ. ಖಾತ್ರಿಯಿಲ್ಲದ ಒಂದು ಸಂಶಯಕ್ಕೆ ಮಳೆಯಲ್ಲಿ ಬೈಕ್ ಓಡಿಸಿ, ಗುರುತಿಲ್ಲದ ಮನೆಗೆ ನುಗ್ಗಿ, ಹೊಡೆತ ತಿನ್ನಲೂ ತಯಾರಾಗಿ ನಿಂತ. ಆತನ ಜಾಗದಲ್ಲಿ ನಾನಿದ್ದರೆ ಬರುತ್ತಿದ್ದೆನೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬರುತ್ತಿದ್ದೆ ಎಂದು ಹೇಳುವುದು ಸುಲಭ. ನನಗೆ ಗೊತ್ತಿಲ್ಲ.

ನಡೆದದ್ದು ಇಷ್ಟು. ಇದಕ್ಕಿಂತ ಹೆಚ್ಚು ಹೇಳಲು ನನ್ನ ಹತ್ತಿರ ಏನೂ ಇಲ್ಲ.