ರಸ್ತೆ ತುಳಿಯದ ಶೂ

ಸ್ವೀಡನ್ನಿನ ಕಾರ್ಲ್‌ಸ್ಕ್ರೂನಾದ ಒಂದು ಡಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಕುಮುದಾಗೆ ಐವತ್ತಾರು ವರ್ಷ. ಗಂಡ ತೀರಿಕೊಂಡಿದ್ದಾನೆ, ಮಕ್ಕಳಾಗಲಿಲ್ಲ. ಹಗಲೆಲ್ಲ ಸ್ವೀಡಿಷ್ ಮಾತಾಡಿ ಸಂಜೆ ಮನೆಗೆ ಬಂದರೆ, ಕನ್ನಡದಲ್ಲಿ ಬೈಯೋಣವೆಂದರೂ ಎದುರಿಗೆ ಒಬ್ಬರಿಲ್ಲ.

ಅವಳಿಗಿದ್ದದ್ದು ತಿಂಗಳಿಗೊಮ್ಮೆ ಅದೇ ಊರಿನ ಗೀತಾಳ ಮನೆಯಲ್ಲಿ ಕನ್ನಡದವರು ಸೇರಿ ನಡೆಸುವ ಭಜನೆ ಮಾತ್ರ. ಅಲ್ಲಿ ಮಂಗಳಾರತಿ ಹಾಡು ಅವಳದೇ. ಉಳಿದವರಿಗೆ ಪೂರ್ತಿ ಬರುತ್ತಿರಲಿಲ್ಲ, ಬರುವವರಿಗೆ ಶ್ರುತಿ ಇರಲಿಲ್ಲ. ದೇವರ ಮುಂದೆ ನಿಂತು ಹಾಡುವಷ್ಟು ಹೊತ್ತು ಅವಳಿಗೆ ಈ ಊರು ತನ್ನದು ಅನ್ನಿಸುತ್ತಿತ್ತು.

ಎರಡು ಸಾವಿರದ ಹದಿನಾಲ್ಕರ ಚಳಿಗಾಲದಲ್ಲಿ ಬಲಗಾಲಿನ ಹೆಬ್ಬೆರಳು ಕೈಕೊಟ್ಟಿತು. ಬುಡದ ಕೀಲು ಸವೆದಿತ್ತು. ಬರಿಗಾಲಲ್ಲಿ ಹೆಜ್ಜೆಯಿಟ್ಟರೆ ಜೀವ ಬಾಯಿಗೆ ಬರುತ್ತಿತ್ತು. ಭಜನೆಯ ದಿನ ಗೀತಾ ಫೋನ್ ಮಾಡಿದರೆ ಕೆಲಸವಿದೆ ಎಂದು ಸುಳ್ಳು ಹೇಳತೊಡಗಿದಳು. ಮಂಡಿಯೋ ಬೆನ್ನೋ ಆಗಿದ್ದರೆ ಹೇಳಿಕೊಳ್ಳಬಹುದು, ಹೆಬ್ಬೆರಳು ನೋವೆಂದರೆ ಯಾರು ಅಯ್ಯೋ ಅನ್ನುತ್ತಾರೆ?

ಆಸ್ಪತ್ರೆಯವರು ಬೇರೆ ಥರದ ಶೂ ಮಾಡಿಸಿಕೊಟ್ಟರು. ಅದರ ಅಡಿ ಬಗ್ಗುವುದಿಲ್ಲ, ಮುಂಭಾಗ ದೋಣಿಯ ಹಾಗೆ ಮೇಲಕ್ಕೆ ಬಾಗಿದೆ. ಬೆರಳು ಮಡಿಸದೆಯೇ ಪಾದ ಉರುಳಿಕೊಂಡು ಮುಂದೆ ಸಾಗುತ್ತದೆ. ಕಪ್ಪು ಬಣ್ಣದ, ದಪ್ಪನೆಯ, ಚಂದವೇ ಇಲ್ಲದ ಶೂ. ಆದರೂ ನೋವು ಎಷ್ಟೋ ಇಳಿಯಿತು. ಮನೆಯೊಳಗೂ ಹಾಕಿಕೊಳ್ಳಿ ಎಂದರು. ಹೊಸಿಲು ದಾಟಿಸಿ ಶೂ ಒಳಗೆ ತರುವುದೇ? ಆ ಮಾತನ್ನು ಕುಮುದಾ ಕಿವಿಗೇ ಹಾಕಿಕೊಳ್ಳಲಿಲ್ಲ.

ಡಾಗಿಸ್‌ನಲ್ಲಿ ಎಲ್ಲರೂ ಒಳಗೆ ಹಾಕಲೆಂದೇ ಇನ್ನೊಂದು ಜೋಡಿ ಇಟ್ಟಿರುತ್ತಾರೆ. ಒಂದು ದಿನ ಅವುಗಳ ಸಾಲು ನೋಡುತ್ತಿದ್ದಾಗ ಅವಳಿಗೆ ಹೊಳೆಯಿತು. ರಸ್ತೆಯನ್ನೇ ತುಳಿಯದ ಶೂಗೆ ಎಲ್ಲಿಯ ಮೈಲಿಗೆ? ಅಂಥದ್ದೇ ಇನ್ನೊಂದು ಜೋಡಿ ಮಾಡಿಸಿ, ಬಟ್ಟೆಯ ಚೀಲದಲ್ಲಿಟ್ಟುಕೊಂಡು, ಯುಗಾದಿಯ ಭಜನೆಗೆ ರೇಷ್ಮೆ ಸೀರೆಯುಟ್ಟು ಹೋದಳು.

ಬಾಗಿಲಲ್ಲಿ ಹಳೆಯದನ್ನು ಬಿಚ್ಚಿ ಹೊಸದನ್ನು ಹಾಕಿಕೊಂಡಾಗ ಗೀತಾಳ ಮುಖ ಸಣ್ಣಗಾಯಿತು.

"ಅಯ್ಯೋ ಕುಮುದಕ್ಕ, ಶೂ ಹಾಕ್ಕೊಂಡೇ ಒಳಗ್ ಬರ್ತೀರಾ?"

"ಹೊಸದು ಕಣೇ ಇದು. ಹೊರಗಡೆ ಒಂದ್ಸಲಾನೂ ಹಾಕಿಲ್ಲ. ಕಾಲು ನೋವಿಗೆ ಡಾಕ್ಟ್ರು ಕೊಟ್ಟಿರೋದು."

"ಹೌದಾ? ಹೆಲ್ತ್ ಫಸ್ಟ್ ಬಿಡಿ. ಒಳಗೆ ದೇವ್ರಿಟ್ಟಿದೀವಲ್ಲ, ನೀವ್ ಇಲ್ಲೇ ಆರಾಮಾಗಿ ಕೂತ್ಕೊಳಿ."

ಬಾಗಿಲ ಪಕ್ಕ, ಕೋಟುಗಳ ಕೆಳಗೆ, ಕುರ್ಚಿ ಬಂತು. ಮೆತ್ತನೆಯ ದಿಂಬೂ ಬಂತು. ಗೀತಾ ಕೆಟ್ಟವಳಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಮಂಗಳಾರತಿಗೆ ಎಲ್ಲರೂ ಒಳಗೆ ಎದ್ದು ನಿಂತರು. ಇಲ್ಲಿಂದಲೇ ಹಾಡುತ್ತೇನೆ ಎನ್ನಲು ಕುಮುದಾ ಗಂಟಲು ಸರಿಮಾಡಿಕೊಂಡಳು. ಅಷ್ಟರಲ್ಲಿ ಯಾರದೋ ಮೊಬೈಲಿನಲ್ಲಿ ಹಾಡು ಶುರುವಾಯಿತು. ಅವಳಿಗೆ ಅಳು ಬಂತು. ಹೋಳಿಗೆ ಕೂತಲ್ಲಿಗೇ ಬಂತು, ತಿಂದಳು.

ಆಮೇಲೆ ಅವಳು ಅಲ್ಲಿಗೆ ಹೋಗಲಿಲ್ಲ. ಯಾರೂ ಯಾಕೆಂದು ಕೇಳಲೂ ಇಲ್ಲ.

ಬೇಸಿಗೆಯಲ್ಲಿ ಆಸ್ಪತ್ರೆಯಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. ಈ ಶೂ ಹಾಕುವವರ ಅಭಿಪ್ರಾಯ ಕೇಳುತ್ತಿದ್ದಳು. ನೋವು ಕಡಿಮೆಯಾಗಿದೆಯೇ? ತುಂಬಾ ಆಗಿದೆ. ನಡೆಯಲು ಸಲೀಸೇ? ಹೌದು. ಇದರಲ್ಲಿ ಏನಾದರೂ ಬದಲಾಯಿಸಬೇಕೇ?

ನೋಡಲು ಶೂ ಥರ ಇರಬಾರದಿತ್ತು ಎಂದಳು ಕುಮುದಾ.

ಹುಡುಗಿಗೆ ಅರ್ಥವಾಗಲಿಲ್ಲ. ಬೇರೆ ಬಣ್ಣ ಬೇಕಿತ್ತೇ ಎಂದು ಮೃದುವಾಗಿ ಕೇಳಿದಳು.

"ಹೌದು," ಎಂದಳು ಕುಮುದಾ, "ಬೇರೆ ಬಣ್ಣ."